ಮೀನಿನ ತೊಟ್ಟಿಗೆ ಕಡಿಮೆ ಕರೆಂಟಿನಲ್ಲಿ ಗಾಳಿ: ನಾಲ್ಕು ದಾರಿಗಳ ಹೋಲಿಕೆ

ಮೀನಿನ ತೊಟ್ಟಿಯ ನೀರಲ್ಲೇ ಗಿಡ ಬೆಳೆಸುವ ಮನೆಯ ಅಕ್ವಾಪೋನಿಕ್ಸ್‌ಗೆ ಏರ್ ಪಂಪ್ ಕೊಳ್ಳುವಾಗ ಎಲ್ಲರೂ ಕೇಳುವುದು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಕೊಡುತ್ತೆ ಅಂತ. ನಾನು ಮೊದಲು ನೋಡುವುದು ಬೇರೆ. ಬೆಳಗಿನ ಜಾವ ಕರೆಂಟು ಹೋದರೆ ಮೀನು ಎಷ್ಟು ಹೊತ್ತು ತಡೆಯುತ್ತದೆ?

ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಸಮುದ್ರ ಮಟ್ಟದಲ್ಲಿ 25 ಡಿಗ್ರಿಯ ನೀರು ಲೀಟರಿಗೆ ಹೆಚ್ಚೆಂದರೆ 8.3 ಮಿ.ಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 30 ಡಿಗ್ರಿಗೆ ಅದು 7.5ಕ್ಕೆ ಇಳಿಯುತ್ತದೆ. ಮೈಸೂರು ಎತ್ತರದಲ್ಲಿರುವುದರಿಂದ ಇಲ್ಲಿ ಇನ್ನೂ ಎಂಟೊಂಬತ್ತು ಪರ್ಸೆಂಟ್ ಕಮ್ಮಿ. ನಮ್ಮ ಹಿತ್ತಲಿನಲ್ಲಿರುವುದು 1000 ಲೀಟರಿನ ಐಬಿಸಿ ತೊಟ್ಟಿ (ಕಬ್ಬಿಣದ ಪಂಜರದೊಳಗಿನ ಪ್ಲಾಸ್ಟಿಕ್ ಟ್ಯಾಂಕು), ಅದರಲ್ಲಿ ಸುಮಾರು ಹತ್ತು ಕೆಜಿ ಗೆಂಡೆ ಮೀನು. ಒಂದು ಕೆಜಿ ಮೀನು ಗಂಟೆಗೆ ಸುಮಾರು 300 ಮಿ.ಗ್ರಾಂ ಆಮ್ಲಜನಕ ಉಸಿರಾಡುತ್ತದೆ, ಹೊಟ್ಟೆ ತುಂಬಿದ್ದರೆ ಇನ್ನೂ ಜಾಸ್ತಿ. ಅಂದರೆ ಹತ್ತು ಕೆಜಿಗೆ ಗಂಟೆಗೆ 3 ಗ್ರಾಂ. ನೀರಿನಲ್ಲಿ 6.5 ಇದ್ದದ್ದು 3ಕ್ಕೆ ಇಳಿಯಲು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಸಾಕು. ಇದರ ಜೊತೆ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ಅವು ನಾಲ್ಕೂವರೆ ಗ್ರಾಂ ತಿನ್ನುತ್ತವೆ. ಕೊರವ ಮೀನು, ಪಂಗಾಸಿಯಸ್ ಥರದವು ಮೇಲೆ ಬಂದು ಗಾಳಿ ಕುಡಿಯುತ್ತವೆ ಅಂತ ನಿಶ್ಚಿಂತೆಯಾಗಿರುವವರು ಈ ಬ್ಯಾಕ್ಟೀರಿಯಾಗಳನ್ನು ಮರೆಯಬಾರದು.

ಹಾಗಾಗಿ ಒಂದೇ ತೊಟ್ಟಿಯಲ್ಲಿ, ಅದೇ ಮೀನುಗಳ ಜೊತೆ, ಒಂದೊಂದು ದಾರಿಯನ್ನೂ ಕೆಲವು ವಾರ ಓಡಿಸಿ ನೋಡಿದೆ. ಸೂರ್ಯ ಹುಟ್ಟುವ ಮುಂಚೆ, ಆಮ್ಲಜನಕ ದಿನದಲ್ಲೇ ಅತಿ ಕಡಿಮೆ ಇರುವ ಹೊತ್ತಿನಲ್ಲಿ, ಹನಿ ಹಾಕಿ ನೀರಿನ ಆಮ್ಲಜನಕ ನೋಡುವ ಡಿಒ ಕಿಟ್‌ನಿಂದ ಅಳೆದಿದ್ದೇನೆ. ಲೀಟರಿಗೆ 5 ಮಿ.ಗ್ರಾಂ ಮೇಲೆ ನಿಂತರೆ ಪಾಸು.

ಎಲ್ಲಕ್ಕಿಂತ ಅಗ್ಗದ ದಾರಿ ಸುಮ್ನೆ ನೀರು ಬೀಳಿಸುವುದು. ಜಲ್ಲಿ ತುಂಬಿದ ಮಡಿಗೆ ನೀರೆತ್ತಲು 25 ವ್ಯಾಟ್ ಪಂಪು ಹೇಗೂ ಬೇಕು. ಮಡಿಯಿಂದ ನೀರು ಬೆಲ್ ಸೈಫನ್ (ಮಡಿ ತುಂಬಿದ ಕೂಡಲೇ ನೀರನ್ನು ತಾನೇ ಎಳೆದು ಖಾಲಿ ಮಾಡುವ ಕೊಳವೆ) ಮೂಲಕ ದಡಬಡನೆ ತೊಟ್ಟಿಗೆ ಬೀಳುವಾಗ ಗಾಳಿ ಸೇರುತ್ತದೆ. ಇದಕ್ಕೆ ಬೇರೆ ಕರೆಂಟಿಲ್ಲ. ಮಡಿ ಖಾಲಿಯಾದಾಗ ಜಲ್ಲಿಯ ಸಂದಿಗೆಲ್ಲ ಗಾಳಿ ಹೋಗಿ ಬ್ಯಾಕ್ಟೀರಿಯಾಗಳಿಗೂ ಸಿಗುತ್ತದೆ, ಇದು ಬಹಳ ದೊಡ್ಡ ಲಾಭ. ಕೊಳವೆಯ ತುದಿಗೆ ತೂತು ಮಾಡಿದ ಪಿವಿಸಿ ಪೈಪು ಹಾಕಿ ನೀರನ್ನು ಎಳೆಎಳೆಯಾಗಿ ಬೀಳಿಸಿದರೆ ಇನ್ನೂ ಒಳ್ಳೆಯದು. ಆದರೆ ತೂತುಗಳು ಬೇರಿನ ಚೂರು, ಪಾಚಿಯಿಂದ ಕಟ್ಟಿಕೊಳ್ಳುತ್ತವೆ. ಚಳಿಗಾಲದಲ್ಲಿ ಇಷ್ಟೇ ಸಾಕಾಗುತ್ತಿತ್ತು. ಏಪ್ರಿಲ್‌ನಲ್ಲಿ ಮುಂಜಾನೆಯ ಅಳತೆ 4ರ ಆಸುಪಾಸಿಗೆ ಬಂತು. ಮೀನು ಕಡಿಮೆ ಇರುವವರಿಗೆ ಇದು ಸಾಕು, ನನಗೆ ಸಾಲದು.

ವೆಂಚುರಿ ಬಗ್ಗೆ ಬಹಳ ಆಸೆ ಇತ್ತು. ಪೈಪು ಒಂದು ಕಡೆ ಸಣ್ಣದಾದರೆ ಅಲ್ಲಿ ನೀರಿನ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಪಕ್ಕದ ತೂತಿನಿಂದ ಗಾಳಿ ತಾನೇ ಒಳಗೆ ಬರುತ್ತದೆ. ಬಿಡಿಭಾಗ ಚಿಕ್ಕದು, ಚಲಿಸುವ ಭಾಗ ಒಂದೂ ಇಲ್ಲ. ಆದರೆ ಆ ಒತ್ತಡ ಎಲ್ಲಿಂದ ಬರಬೇಕು? 25 ವ್ಯಾಟ್ ಪಂಪು ನೀರನ್ನು ಮಡಿಯವರೆಗೆ ಎತ್ತುವಷ್ಟರಲ್ಲೇ ಸುಸ್ತಾಗಿರುತ್ತದೆ. ವೆಂಚುರಿ ಹಾಕಿದ ಮೇಲೆ ಮಡಿಗೆ ಹೋಗುವ ನೀರು ಎದ್ದು ಕಾಣುವಷ್ಟು ತಗ್ಗಿತು, ಸೈಫನ್ ಕೆಲವೊಮ್ಮೆ ಎಳೆಯಲೇ ಇಲ್ಲ. ಅಳತೆ ನಾಲ್ಕೂವರೆ ದಾಟಲಿಲ್ಲ. ನೂರು ವ್ಯಾಟಿನ ಮೇಲಿನ ಪಂಪು ಇರುವ ದೊಡ್ಡ ತೊಟ್ಟಿಗೆ ವೆಂಚುರಿ ಚೆನ್ನ. ಕಡಿಮೆ ಕರೆಂಟು ಬೇಕು ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ.

18 ವ್ಯಾಟಿನ ಏರ್ ಪಂಪು ಮತ್ತು ಏರ್ ಸ್ಟೋನ್ (ಗಾಳಿಯನ್ನು ಸಣ್ಣ ಗುಳ್ಳೆ ಮಾಡಿ ಬಿಡುವ ರಂಧ್ರದ ಕಲ್ಲು) ಎಲ್ಲರೂ ಬಳಸುವ ದಾರಿ, ಕೆಲಸವನ್ನೂ ಮಾಡುತ್ತದೆ. ಮುಂಜಾನೆ ಐದೂವರೆ, ಕೆಲವು ದಿನ 6. ದಿನವಿಡೀ ಓಡಿದರೂ ತಿಂಗಳಿಗೆ 13 ಯೂನಿಟ್. ತೊಂದರೆ ಇರುವುದು ಕಲ್ಲಿನಲ್ಲಿ. ಇಲ್ಲಿನ ಬೋರ್‌ವೆಲ್ ನೀರು ಗಡಸು. ಸುಣ್ಣ ಕಟ್ಟಿ ಕಲ್ಲಿನ ರಂಧ್ರಗಳು ಮುಚ್ಚುತ್ತವೆ. ಆಗ ಪಂಪಿನ ಮೇಲೆ ಒತ್ತಡ ಬಿದ್ದು ಒಳಗಿನ ರಬ್ಬರ್ ಡಯಾಫ್ರಮ್ ಬೇಗ ಸವೆಯುತ್ತದೆ. ವಿನೆಗರ್‌ನಲ್ಲಿ ನೆನೆಸಿಟ್ಟರೆ ಕಲ್ಲು ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಕಲ್ಲಿನ ಬದಲು ಹಾಕುವ ರಬ್ಬರ್ ಡಿಸ್ಕ್ ಡಿಫ್ಯೂಸರ್ ದುಬಾರಿ, ಆದರೆ ಬಾಳಿಕೆ ಹೆಚ್ಚು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ಚೆಕ್ ವಾಲ್ವ್ ಹಾಕಿ. ಕರೆಂಟು ಹೋದಾಗ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಹೋಗುತ್ತದೆ.

ಈಗ ಏರ್‌ಲಿಫ್ಟ್. ನನ್ನ ಮನಸ್ಸು ಗೆದ್ದದ್ದು ಇದೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದೂವರೆ ಇಂಚಿನ ಪಿವಿಸಿ ಪೈಪನ್ನು ತೊಟ್ಟಿಯ ತಳದವರೆಗೆ ಇಳಿಸಿ, ಕೆಳತುದಿಯ ಹತ್ತಿರ ಅದೇ 18 ವ್ಯಾಟ್ ಪಂಪಿನ ಗಾಳಿ ಬಿಡಬೇಕು. ಗುಳ್ಳೆ ಬೆರೆತ ನೀರು ಹಗುರ. ಸುತ್ತಲಿನ ಭಾರದ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ನೀರೂ ಏರಿತು, ಗಾಳಿಯೂ ಸೇರಿತು. ನೀರಿನೊಳಗೆ ಕರೆಂಟಿನ ವಸ್ತುವೇ ಇಲ್ಲ, ಮೀನಿನ ಹಿಕ್ಕೆ ಸಿಕ್ಕಿ ಕೆಡುವ ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ರೆಕ್ಕೆ) ಕೂಡ ಇಲ್ಲ.

ಇದರ ಮಿತಿ ಎತ್ತರ. ಪೈಪಿನ ಹೆಚ್ಚಿನ ಭಾಗ ನೀರಿನೊಳಗೇ ಇರಬೇಕು, ಮೂರರಲ್ಲಿ ಎರಡು ಭಾಗವಾದರೂ. ನನ್ನ ತೊಟ್ಟಿಯಲ್ಲಿ 90 ಸೆಂ.ಮೀ. ನೀರಿದೆ. ಮೇಲ್ಮೈಯಿಂದ 15 ಸೆಂ.ಮೀ. ಎತ್ತಿದಾಗ ಗಂಟೆಗೆ ಹತ್ತಿರ ಸಾವಿರ ಲೀಟರ್ ಬಂತು. 40 ಸೆಂ.ಮೀ.ಗೆ ಅದರ ಅರ್ಧವೂ ಇಲ್ಲ. 70ಕ್ಕೆ ಪೈಪು ಉಗುಳುವುದಷ್ಟೇ. ಜಲ್ಲಿಯ ಮಡಿ 30 ಸೆಂ.ಮೀ. ಆಳ, ಅದರ ತಳವೂ ತೊಟ್ಟಿಯ ನೀರಿಗಿಂತ ಮೇಲಿರಬೇಕು, ಇಲ್ಲದಿದ್ದರೆ ನೀರು ವಾಪಸ್ ಬರಲ್ಲ. ಆದ್ದರಿಂದ 40 ಸೆಂ.ಮೀ. ಎತ್ತಲೇಬೇಕು. ಆ ಸಣ್ಣ ಹರಿವಿಗೆ ಬೆಲ್ ಸೈಫನ್ ಕೆಲಸ ಮಾಡಲ್ಲ. ಹಾಗಾಗಿ ಎರಡು ಮಡಿಗಳಲ್ಲಿ ಒಂದನ್ನು ತೆಗೆದು, ಹಲಗೆಯ ಮೇಲೆ ಗಿಡ ತೇಲುವ ತೊಟ್ಟಿ ಮಾಡಿದೆ. ಅದರ ನೀರಿನ ಮಟ್ಟ ಮೀನಿನ ತೊಟ್ಟಿಗಿಂತ ಸ್ವಲ್ಪವೇ ಮೇಲೆ, ತುಂಬಿ ಹೊರಚೆಲ್ಲಿದ್ದು ತಾನಾಗಿ ಹಿಂದಿರುಗುತ್ತದೆ. ಪುದೀನ, ಲೆಟ್ಯೂಸ್ ಅಲ್ಲಿ ಚೆನ್ನಾಗಿ ಬರುತ್ತಿವೆ. ಟೊಮೇಟೊ ಮತ್ತು ಬಸಳೆ ಜಲ್ಲಿಯಲ್ಲೇ ಉಳಿದವು. ಮುಂಜಾನೆಯ ಅಳತೆ ಬೇಸಿಗೆಯಲ್ಲೂ 5ರ ಮೇಲೇ ಇದೆ.

ಉಳಿತಾಯ ಈ ಬದಲಾವಣೆಯಲ್ಲೇ ಇದೆ. ಮೊದಲು 25 ಮತ್ತು 18, ಒಟ್ಟು 43 ವ್ಯಾಟ್ ದಿನವಿಡೀ ಓಡುತ್ತಿತ್ತು, ತಿಂಗಳಿಗೆ 31 ಯೂನಿಟ್. ಈಗ 18 ವ್ಯಾಟ್ ಏರ್‌ಲಿಫ್ಟ್ ಮಾತ್ರ ಸದಾ ಓಡುತ್ತದೆ. ಜಲ್ಲಿಯ ಮಡಿಯ ಪಂಪು ಟೈಮರ್‌ನಲ್ಲಿ, ಹಗಲು ಗಂಟೆಗೆ ಕಾಲು ಗಂಟೆ. ಎರಡೂ ಸೇರಿ ತಿಂಗಳಿಗೆ 15 ಯೂನಿಟ್.

ಸೋಲಾರ್ ಪ್ಯಾನೆಲ್‌ಗೆ ನೇರವಾಗಿ ಡಿಸಿ ಏರ್ ಪಂಪು ಕಟ್ಟುವುದನ್ನೂ ನೋಡಿದೆ. ಗಾಳಿ ತೀರಾ ಬೇಕಾಗುವುದು ರಾತ್ರಿ, ಅಲ್ವಾ? ಮಳೆಗಾಲದ ಮೋಡದಲ್ಲಂತೂ ಹಗಲೂ ಭರವಸೆಯಿಲ್ಲ. ಬ್ಯಾಟರಿ ಇಲ್ಲದ ಸೋಲಾರ್ ಈ ಕೆಲಸಕ್ಕೆ ಆಗಲ್ಲ.

ಬ್ಯಾಟರಿ ಅಂದಕೂಡಲೇ ಮನೆಯ ಇನ್ವರ್ಟರ್‌ಗೆ ಪಂಪು ಸಿಕ್ಕಿಸುವವರು ಒಂದು ವಿಷಯ ಗಮನಿಸಿ. ಇನ್ವರ್ಟರ್ ಏನೂ ಲೋಡ್ ಇಲ್ಲದಿದ್ದರೂ ತಾನೇ 10ರಿಂದ 20 ವ್ಯಾಟ್ ತಿನ್ನುತ್ತದೆ. ಅಂದರೆ ಸಣ್ಣ ಪಂಪಿಗೆ ಖರ್ಚಾಗುವಷ್ಟೇ ಬ್ಯಾಟರಿ ಇನ್ವರ್ಟರ್‌ಗೂ ಖರ್ಚು. ಇದರ ಬದಲು 8 ವ್ಯಾಟಿನ 12 ವೋಲ್ಟ್ ಡಿಸಿ ಏರ್ ಪಂಪು, 20 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇಟ್ಟಿದ್ದೇನೆ. ಬ್ಯಾಟರಿಯ ಐದರಲ್ಲಿ ನಾಲ್ಕು ಪಾಲು ಬಳಸಿದರೂ ಇಪ್ಪತ್ತೈದು ಗಂಟೆ ಓಡುತ್ತದೆ. ಅಷ್ಟು ಗಾಳಿಗೆ ಮೀನು ಬೆಳೆಯದಿದ್ದರೂ ಸಾಯಲ್ಲ, ಆ ಹೊತ್ತು ಆಹಾರ ಹಾಕದಿದ್ದರಾಯಿತು. ಇದನ್ನು ಕೈಯಲ್ಲಿ ಹಾಕಿ ತೆಗೆಯುವ ಅಗತ್ಯವೂ ಇಲ್ಲ. 230 ವೋಲ್ಟ್ ಕಾಯಿಲ್ ಇರುವ ರಿಲೇ (ಕರೆಂಟಿನಿಂದ ತಾನೇ ಬದಲಾಗುವ ಸ್ವಿಚ್ಚು) ಒಂದನ್ನು ಮನೆಯ ಲೈನಿಗೆ ಕೊಟ್ಟು, ಅದರ ನಾರ್ಮಲಿ ಕ್ಲೋಸ್ಡ್, ಅಂದರೆ ಕಾಯಿಲಿಗೆ ಕರೆಂಟಿಲ್ಲದಾಗ ಕೂಡಿಕೊಳ್ಳುವ ಕಾಂಟ್ಯಾಕ್ಟ್ ಮೂಲಕ ಬ್ಯಾಟರಿಯ ವೈರು ಹಾಯಿಸಿದರೆ, ಕರೆಂಟು ಹೋದ ಕ್ಷಣ ಡಿಸಿ ಪಂಪು ತಾನೇ ಶುರುವಾಗುತ್ತದೆ. ನೀರಿನ ಪಕ್ಕದ ಕೆಲಸ, ವೈರಿಂಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ರಿಲೇಯನ್ನು ನೀರು ತಾಗದ ಡಬ್ಬಿಯಲ್ಲಿ ಇಡಿಸಿ.