ಲಾಂಛನ ಅಗ್ಗ, ಯಂತ್ರ ಅಗ್ಗವಲ್ಲ: ಹಳೆಯ ಫೇಟನ್ ಕೊಳ್ಳಹೊರಟವರಿಗೆ

ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಮುಂದಿನ ಎಡ ಮೂಲೆ ಟೈರಿನ ಮೇಲೆ ಕುಕ್ಕರಿಸಿ ಕೂತಿರುತ್ತದೆ. ಫೋಕ್ಸ್‌ವ್ಯಾಗನ್ ಕಂಪನಿಯ ಐಷಾರಾಮಿ ಕಾರು ಫೇಟನ್ನನ್ನು ಹಳತಾದ ಮೇಲೆ ಕೊಂಡವರ ಗೋಳು ಬಹಳಷ್ಟು ಸಲ ಶುರುವಾಗುವುದು ಇಲ್ಲಿಂದ. ಎಂಜಿನ್ ಚಾಲು ಮಾಡಿದರೆ ಸ್ವಲ್ಪ ಹೊತ್ತಿನಲ್ಲಿ ಕಾರು ಮೈಕೊಡವಿ ಎದ್ದು ನಿಲ್ಲುತ್ತದೆ. ಸದ್ಯ ಸರಿಹೋಯಿತು ಎಂದುಕೊಂಡು ಮಾಲೀಕರು ಹೊರಡುತ್ತಾರೆ. ಕೆಲವು ತಿಂಗಳಲ್ಲಿ ಸಸ್ಪೆನ್ಷನ್ನಿಗೆ ಗಾಳಿ ತುಂಬುವ ಕಂಪ್ರೆಸರ್ ಸುಡುತ್ತದೆ. ಅದರ ಹಿಂದೆಯೇ ಬ್ಯಾಟರಿ ಇಳಿಯುತ್ತದೆ, ಬ್ಯಾಟರಿ ಇಳಿದದ್ದಕ್ಕೆ ಡ್ಯಾಶ್‌ಬೋರ್ಡ್ ತುಂಬ ಎಚ್ಚರಿಕೆಯ ದೀಪಗಳು, ಆ ದೀಪಗಳನ್ನು ನೋಡಿ ಗ್ಯಾರೇಜಿನವರು ಕೆಡದೇ ಇದ್ದದ್ದನ್ನೆಲ್ಲ ಬದಲಿಸುತ್ತಾರೆ. ಕೊನೆಗೆ ರಿಪೇರಿಯ ಮೊತ್ತ ಕಾರಿನ ಬೆಲೆಯನ್ನೇ ದಾಟುತ್ತದೆ. ಮೂಗಿಗಿಂತ ಮೂಗುತಿ ಭಾರ.

ಇದು ಅಗ್ಗಕ್ಕೆ ಸಿಗುವುದು ಕೆಟ್ಟ ಕಾರೆಂದಲ್ಲ, ಎಡವಟ್ಟು ಇರುವುದೇ ಅಲ್ಲಿ. ಆಗ ಫೋಕ್ಸ್‌ವ್ಯಾಗನ್ ಮುಖ್ಯಸ್ಥರಾಗಿದ್ದ ಫರ್ಡಿನಾಂಡ್ ಪೀಯೆಖ್ ಹಟ ಹಿಡಿದು ಮಾಡಿಸಿದ ಕಾರು ಇದು. ಹೊರಗೆ 50 ಡಿಗ್ರಿ ಸೆಖೆಯಿದ್ದು, ದಿನವಿಡೀ ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಓಡಿಸಿದರೂ ಒಳಗೆ 22 ಡಿಗ್ರಿ ಇರಬೇಕು ಎನ್ನುವುದು ಎಂಜಿನಿಯರುಗಳಿಗೆ ಅವರು ಹಾಕಿದ ಷರತ್ತುಗಳಲ್ಲಿ ಒಂದು. 2002ರ ಜಿನೀವಾ ಪ್ರದರ್ಶನದಲ್ಲಿ ಹೊರಬಂದ ಕಾರನ್ನು ಡ್ರೆಸ್ಡನ್ನಿನ ಗಾಜಿನ ಗೋಡೆಗಳ ಕಾರ್ಖಾನೆಯಲ್ಲಿ ಜೋಡಿಸುತ್ತಿದ್ದರು. ವರ್ಷಕ್ಕೆ 20,000 ಮಾರಬೇಕೆಂಬ ಲೆಕ್ಕವಿತ್ತು. 2016ರ ಮಾರ್ಚಿನಲ್ಲಿ ತಯಾರಿಕೆ ನಿಲ್ಲಿಸುವ ಹೊತ್ತಿಗೆ ಎಲ್ಲ ಸೇರಿ ಆದದ್ದು 84,235. ಅದೇ ಕಾಲದ ಬೆಂಟ್ಲಿ ಕಾಂಟಿನೆಂಟಲ್ ಜಿಟಿ, ಫ್ಲೈಯಿಂಗ್ ಸ್ಪರ್ ಕಾರುಗಳದ್ದೂ ಇದೇ ಬುನಾದಿ. ಮೂತಿಯ ಮೇಲೆ ಮಾತ್ರ ಫೋಕ್ಸ್‌ವ್ಯಾಗನ್ನಿನ ಸಾಮಾನ್ಯ ಕಾರು ಪಸಾಟ್‌ಗಿರುವ ಅದೇ ಲಾಂಛನ. ಹಾಗಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಬೆಲೆ ಕಟ್ಟುವುದು ಪಸಾಟ್‌ನ ಮುಖಕ್ಕೆ, ಬಿಲ್ಲು ಬರುವುದು ಬೆಂಟ್ಲಿಯ ಹೊಟ್ಟೆಗೆ.

ಮೊದಲು ಏರ್ ಸಸ್ಪೆನ್ಷನ್. ನಾಲ್ಕೂ ಚಕ್ರಗಳಲ್ಲಿ ಸುರುಳಿ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲವಿದೆ. ಚೀಲ ಮತ್ತು ಶಾಕ್ ಅಬ್ಸಾರ್ಬರ್ ಕೂಡಿ ಒಂದೇ ಸ್ಟ್ರಟ್. ರಬ್ಬರ್ ಮಡಿಚಿಕೊಳ್ಳುವ ಜಾಗದಲ್ಲಿ ವರ್ಷ ಕಳೆದಂತೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಕಾರು ಎಷ್ಟು ಓಡಿದೆ ಎನ್ನುವುದಕ್ಕಿಂತ ಎಷ್ಟು ಹಳತು ಎನ್ನುವುದೇ ಇಲ್ಲಿ ಮುಖ್ಯ. ಸೋರಿದ್ದನ್ನು ತುಂಬಲು ಕಂಪ್ರೆಸರ್ ಮತ್ತೆ ಮತ್ತೆ ಓಡುತ್ತದೆ. ಅದನ್ನು ಮಾಡಿರುವುದು ಒಂದೊಂದು ಸಲಕ್ಕೆ ಸ್ವಲ್ಪ ಹೊತ್ತು ಓಡಿ ತಣ್ಣಗಾಗಲೆಂದೇ ಹೊರತು ಬಿಡುವಿಲ್ಲದೆ ದುಡಿಯಲೆಂದಲ್ಲ. ಪಿಸ್ಟನ್ನಿನ ಸೀಲು ಸವೆದು ಗಾಳಿಯ ಒತ್ತಡ ಕುಗ್ಗುತ್ತದೆ, ಒತ್ತಡ ಕುಗ್ಗಿದ್ದರಿಂದ ಇನ್ನಷ್ಟು ಹೊತ್ತು ಓಡಬೇಕಾಗುತ್ತದೆ.

ಇದಕ್ಕಿಂತ ಕಳ್ಳ ಕೆಲಸ ಡ್ರೈಯರಿನದು. ಕಂಪ್ರೆಸರಿಗೆ ಅಂಟಿಕೊಂಡಂತೆ ತೇವ ಹೀರುವ ಹರಳುಗಳ ಡಬ್ಬಿ ಇರುತ್ತದೆ. ಗಾಳಿ ಚೀಲಕ್ಕೆ ಹೋಗುವಾಗ ಹರಳು ಅದರ ತೇವ ಹೀರುತ್ತದೆ. ಕಾರನ್ನು ತಗ್ಗಿಸುವಾಗ ಒಣಗಿದ ಗಾಳಿ ಅದೇ ದಾರಿಯಲ್ಲಿ ವಾಪಸು ಬಂದು, ಹರಳನ್ನು ಒಣಗಿಸಿ ಹೊರಗೆ ಹೋಗುತ್ತದೆ. ಚೀಲ ತೂತಾಗಿದ್ದರೆ ಗಾಳಿ ವಾಪಸು ಬರುವುದಿಲ್ಲ, ತೂತಿನಿಂದಲೇ ಹೊರಟುಹೋಗುತ್ತದೆ. ಹರಳು ಒದ್ದೆಯಾಗಿಯೇ ಉಳಿದು, ತೇವ ಗಾಳಿಯನ್ನು ನಾಲ್ಕೂ ಚೀಲಗಳಿಗೆ ಹಂಚುವ ವಾಲ್ವ್ ಬ್ಲಾಕಿಗೆ ಇಳಿದು ತುಕ್ಕು ಹಿಡಿಸುತ್ತದೆ. ಒಂದು ಸ್ಟ್ರಟ್ಟಿನ ರೋಗ ಮೂರು ಭಾಗಕ್ಕೆ ಹಬ್ಬುವುದು ಹೀಗೆ. ಸೋರುವ ಸ್ಟ್ರಟ್ಟನ್ನು ಹಾಗೇ ಬಿಟ್ಟು ಬರೀ ಕಂಪ್ರೆಸರ್ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಸ್ಟ್ರಟ್ ಹಾಕಿಸುವಾಗ ಕಂಪ್ರೆಸರಿಗೆ ಕರೆಂಟ್ ಕೊಟ್ಟು ತೆಗೆಯುವ ಸ್ವಿಚ್ಚಾದ ರಿಲೇಯನ್ನೂ ಬದಲಿಸಿಬಿಡಿ, ಈ ಇಡೀ ಪುರಾಣದಲ್ಲಿ ಅಗ್ಗದ ವಸ್ತು ಅದೊಂದೇ. ಹಳೆಯ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡರೆ ಎಂಜಿನ್ ಆರಿಸಿದ ಮೇಲೂ ಕಂಪ್ರೆಸರ್ ಓಡುತ್ತಲೇ ಇದ್ದು, ತಾನೂ ಸುಟ್ಟು ಬ್ಯಾಟರಿಯನ್ನೂ ಬರಿದು ಮಾಡುತ್ತದೆ.

ಸ್ಟ್ರಟ್ ಹೋಗಿದೆ ಎಂದು ತೀರ್ಮಾನಿಸುವ ಮೊದಲು ಕಾರನ್ನು ಎತ್ತರದ ಮಟ್ಟಕ್ಕೆ ಏರಿಸಿ ಸೋಪಿನ ನೀರು ಸಿಂಪಡಿಸಿ. ಮೂರು ಕಡೆ ನೋಡಬೇಕು: ರಬ್ಬರಿನ ಮಡಿಕೆ, ಸ್ಟ್ರಟ್ಟಿನ ಮೇಲ್ತಟ್ಟೆ, ಗಾಳಿಯ ಕೊಳವೆ ಒಳಹೋಗುವ ವಾಲ್ವ್. ನೊರೆ ಏಳುವುದು ವಾಲ್ವಿನ ಬಳಿ ಮಾತ್ರವಾದರೆ ನಿಮ್ಮ ಅದೃಷ್ಟ, ಸಣ್ಣ ರಿಪೇರಿಯಲ್ಲಿ ಮುಗಿಯುತ್ತದೆ. ಆ ವಾಲ್ವನ್ನು ಜೋರಾಗಿ ಬಿಗಿದು ಮುರಿದುಕೊಳ್ಳುವವರೂ ಇದ್ದಾರೆ. ಹೊಸ ಸ್ಟ್ರಟ್ ಹಾಕಿದ ಮೇಲೆ ದೋಷ ಓದುವ ಸ್ಕ್ಯಾನರ್ ಜೋಡಿಸಿ ನಾಲ್ಕೂ ಮೂಲೆಗಳ ಎತ್ತರ ಅಳೆದು ಕಾರಿನ ಕಂಪ್ಯೂಟರಿಗೆ ಕಲಿಸಬೇಕು; ಕಲಿಸದಿದ್ದರೆ ಕಾರು ಓರೆಯಾಗಿ ನಿಂತು, ಟೈರು ಒಂದು ಪಕ್ಕ ಸವೆಯುತ್ತದೆ. ಚಕ್ರ ಬಿಚ್ಚಲು ಕಾರನ್ನು ಜಾಕಿನ ಮೇಲೆ ಎತ್ತುವ ಮುನ್ನ ಮೆನುವಿನಲ್ಲಿ ಎತ್ತರದ ಹೊಂದಾಣಿಕೆಯನ್ನು ನಿಲ್ಲಿಸುವ ಜಾಕ್ ಮೋಡ್ ಹಾಕುವುದನ್ನೂ ಮರೆಯುವಂತಿಲ್ಲ. ಪಂಕ್ಚರ್ ಅಂಗಡಿಯವರಿಗೆ ಇದು ಗೊತ್ತಿರುವುದಿಲ್ಲ, ಹೇಳಬೇಕಾದವರು ನೀವೇ.

ಇಷ್ಟೆಲ್ಲ ಯಾಕೆ, ಸುರುಳಿ ಸ್ಪ್ರಿಂಗ್ ಹಾಕಿಸಿಬಿಡೋಣ ಎನ್ನುವವರಿಗೆ ಒಂದು ಮಾತು. ಹಾಕಬಹುದು. ಆಗ ಶಾಕ್ ಅಬ್ಸಾರ್ಬರನ್ನು ಮೆದು ಗಟ್ಟಿ ಮಾಡುವ ವ್ಯವಸ್ಥೆ ಸಾಯುತ್ತದೆ, ಎತ್ತರ ನೋಡಿಕೊಳ್ಳುವ ಮಾಡ್ಯೂಲ್ (ಸಣ್ಣ ಕಂಪ್ಯೂಟರ್) ದೋಷ ದಾಖಲಿಸುತ್ತಲೇ ಇರುತ್ತದೆ, ಕಾರು ಎರಡು ಟನ್ನಿನ ಎತ್ತಿನಗಾಡಿಯಾಗುತ್ತದೆ. ಹಾಗೆ ಮಾಡಿದ ಕಾರನ್ನು ಯಾರಾದರೂ ಮಾರಲು ತಂದರೆ, ಉಳಿದ ಕಡೆಯೂ ಹೀಗೇ ತೇಪೆ ಹಾಕಿದ್ದಾರೆ ಎಂದು ಅರ್ಥಮಾಡಿಕೊಳ್ಳಿ.

ಡಿಕ್ಕಿಯಲ್ಲಿ ಎರಡು ಬ್ಯಾಟರಿಗಳಿವೆ. ಎಡಗಡೆಯದು ಕಾರಿನ ಎಲೆಕ್ಟ್ರಾನಿಕ್ಸಿಗೆ, ಬಲಗಡೆಯದು ಸ್ಟಾರ್ಟರಿಗೆ. ಹಾಗಾಗಿ ಎಂಜಿನ್ ಒಂದೇ ಏಟಿಗೆ ಚಾಲಾದರೆ ಬ್ಯಾಟರಿ ಗಟ್ಟಿಯಿದೆ ಎಂದು ಅಂದುಕೊಳ್ಳುವಂತಿಲ್ಲ. ಎಡಗಡೆಯದು ಅರೆಜೀವವಾಗಿದ್ದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ದೋಷಗಳು ಒಟ್ಟಿಗೆ ಕಾಣಿಸಿಕೊಳ್ಳುತ್ತವೆ: ಡಿಕ್ಕಿಯ ಬಾಗಿಲು ತೆರೆಯದು, ಕೀಲಿ ಕಾಣಿಸುತ್ತಿಲ್ಲವೆಂಬ ಸಂದೇಶ, ಸಸ್ಪೆನ್ಷನ್ ದೀಪ. ಇಂಥ ಹೊತ್ತಿನಲ್ಲಿ ಯಾವ ಮಾಡ್ಯೂಲನ್ನೂ ಮುಟ್ಟಬೇಡಿ. ಎರಡೂ ಬ್ಯಾಟರಿಗಳನ್ನು ಒಂದು ಇಡೀ ದಿನ ಚಾರ್ಜಿಗೆ ಹಾಕಿ, ದೋಷಗಳನ್ನೆಲ್ಲ ಅಳಿಸಿ, ಎರಡು ದಿನ ಓಡಿಸಿ, ಮತ್ತೆ ಸ್ಕ್ಯಾನ್ ಮಾಡಿ. ಆಮೇಲೂ ಉಳಿದದ್ದೇ ನಿಜವಾದ ದೋಷ. ಸಾಮಾನ್ಯ ಓಬಿಡಿ ಸ್ಕ್ಯಾನರ್ ಎಂಜಿನ್ನಿನ ಆಚೆಗೆ ಏನನ್ನೂ ಓದುವುದಿಲ್ಲ. ಈ ಕಂಪನಿಯ ಕಾರುಗಳ ಎಲ್ಲ ಮಾಡ್ಯೂಲುಗಳನ್ನೂ ಓದಬಲ್ಲದ್ದು ಬೇಕು.

ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ ಕರೆಂಟ್ ಎಲ್ಲೋ ಸೋರುತ್ತಿದೆ. ಬಾಗಿಲಿನ ಲಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ, ಕಾರನ್ನು ಲಾಕ್ ಮಾಡಿ, ಮಾಡ್ಯೂಲುಗಳೆಲ್ಲ ನಿದ್ದೆಗೆ ಜಾರುವವರೆಗೆ ಅರ್ಧ ಗಂಟೆ ಕಾದು ಅಳೆಯಬೇಕು. 50 ಮಿಲಿಆಂಪಿಯರಿನೊಳಗೆ ಇದ್ದರೆ ಸರಿ. ಅರ್ಧ ಆಂಪಿಯರ್ ಹರಿಯುತ್ತಿದ್ದರೂ ದಿನಕ್ಕೆ 12 ಆಂಪಿಯರ್ ಅವರ್ ಖಾಲಿ, ಅಂದರೆ 90ರ ಬ್ಯಾಟರಿ ನಾಲ್ಕು ದಿನ ನಿಲ್ಲಿಸಿದರೆ ಅರ್ಧಕ್ಕಿಂತ ಕೆಳಗೆ. ಬಾಗಿಲು ತೆರೆದಿಟ್ಟುಕೊಂಡು ಅಳೆದು ಸೋರಿಕೆ ಜಾಸ್ತಿ ಎಂದು ಘೋಷಿಸುವ ಗ್ಯಾರೇಜಿನಿಂದ ಕಾರನ್ನು ವಾಪಸು ತೆಗೆದುಕೊಂಡು ಬನ್ನಿ.

ಆಮೇಲೆ ನೀರು. ಸನ್‌ರೂಫಿನ ಮೂಲೆಗಳಿಂದ ಕೆಳಗಿಳಿಯುವ ಸಣ್ಣ ಕೊಳವೆಗಳು ಮತ್ತು ವೈಪರಿನ ಕೆಳಗಿನ ತೊಟ್ಟಿಯ ತೂತುಗಳು ತರಗೆಲೆ, ಧೂಳಿನಿಂದ ಕಟ್ಟಿಕೊಂಡರೆ ನೀರು ಕ್ಯಾಬಿನ್ನಿಗೆ ಇಳಿಯುತ್ತದೆ. ಕಾರ್ಪೆಟ್ಟಿನ ಅಡಿಯ ಸ್ಪಂಜು ದಪ್ಪವಾದ್ದರಿಂದ ಮೇಲೆ ಮುಟ್ಟಿದರೆ ಒಣಗಿರುತ್ತದೆ, ಕೆಳಗೆ ಕೆರೆ. ಎಲೆಕ್ಟ್ರಾನಿಕ್ ಮಾಡ್ಯೂಲುಗಳನ್ನು ಕಾರ್ಪೆಟ್ಟಿನಡಿಯಲ್ಲೇ ಇಟ್ಟ ಕಾರುಗಳಿಗೆ ಇದು ಮರಣಶಾಸನ. ಕನೆಕ್ಟರಿನ ಪಿನ್ನುಗಳಲ್ಲಿ ಹಸಿರು ಕಿಲುಬು ಕಂಡರೆ ವೈರಿಂಗ್ ಕೂಡ ಹೋದಂತೆಯೇ. ಮುಷ್ಟಿಯಿಂದ ಕಾರ್ಪೆಟ್ಟನ್ನು ಬಲವಾಗಿ ಒತ್ತಿ, ಮೂಗಿಟ್ಟು ಮುಗ್ಗಲು ವಾಸನೆ ನೋಡಿ. ವರ್ಷಕ್ಕೆರಡು ಸಲ ಆ ಕೊಳವೆಗಳನ್ನು ತೆಳ್ಳನೆಯ ಮೆತ್ತಗಿನ ನೈಲಾನ್ ತಂತಿಯಿಂದ ಬಿಡಿಸಬೇಕು. ಜೋರು ಕಂಪ್ರೆಸರ್ ಗಾಳಿ ಹೊಡೆದರೆ ಕೊಳವೆಯೇ ಜಾಯಿಂಟಿನಿಂದ ಕಳಚಿಕೊಳ್ಳುತ್ತದೆ.

ಎಂಜಿನ್ ಆಯ್ಕೆಯಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. 5.0 ಲೀಟರಿನ ವಿ10 ಡೀಸೆಲ್ಲಿನ 750 ನ್ಯೂಟನ್ ಮೀಟರ್ ಎಳೆತ ಯಾರನ್ನಾದರೂ ಮರುಳು ಮಾಡುತ್ತದೆ. ಟರ್ಬೊ ಕೆಟ್ಟರೆ ಎಂಜಿನ್ನನ್ನೇ ಕೆಳಗಿಳಿಸಬೇಕು. 6.0 ಲೀಟರಿನ ಡಬ್ಲ್ಯೂ12ರಲ್ಲಿ ಕೈ ಹಾಕಲು ಜಾಗವೇ ಇಲ್ಲ. 4.2 ವಿ8ರಲ್ಲಿ ಎಂಜಿನ್ನಿನ ವಾಲ್ವುಗಳನ್ನು ತಾಳಕ್ಕೆ ಆಡಿಸುವ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲು ಕೇಳಿ. ಕಡಿಮೆ ಓಡಿದೆ ಎನ್ನುವ ಸಬೂಬು ನಡೆಯುವುದಿಲ್ಲ, ಬೆಲ್ಟು ವಯಸ್ಸಿನಿಂದಲೂ ಸಾಯುತ್ತದೆ. 3.0 ವಿ6 ಡೀಸೆಲ್ ಮತ್ತು 3.2 ಪೆಟ್ರೋಲ್ ಸಂಸಾರಸ್ಥರಿಗೆ ಹೊಂದುವಂಥವು. ಇವೆರಡರಲ್ಲೂ ಟೈಮಿಂಗ್ ಚೈನು ಗೇರ್‌ಬಾಕ್ಸಿನ ಕಡೆಗಿದೆ, ತಣ್ಣಗಿದ್ದಾಗ ಚಾಲು ಮಾಡಿದ ಕೂಡಲೇ ಹಿಂಬದಿಯಿಂದ ಗಲಗಲ ಸದ್ದು ಬಂದು ನಿಲ್ಲದೇ ಹೋದರೆ ಕೈಮುಗಿದು ಹೊರಡಿ.

ಗೇರ್‌ಬಾಕ್ಸಿನ ಎಣ್ಣೆ ಜೀವಮಾನಕ್ಕೆ ಸಾಕು ಎನ್ನುವ ಮಾತನ್ನು ನಂಬಬೇಡಿ. ಅದನ್ನು ತಯಾರಿಸುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿಗೆ ಅಥವಾ 8 ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತದೆ. ಆರು ಗೇರಿನದ್ದರಲ್ಲಿ ಫಿಲ್ಟರು ಕೆಳಗಿನ ಪ್ಲಾಸ್ಟಿಕ್ ತಟ್ಟೆಗೇ ಸೇರಿಕೊಂಡಿರುವುದರಿಂದ ಇಡೀ ತಟ್ಟೆ ಬದಲಿಸಬೇಕು. ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಜೋಡಿಸುವ ಟಾರ್ಕ್ ಕನ್ವರ್ಟರಿನಲ್ಲಿ ಒಂದಷ್ಟು ಹಳೆಯ ಎಣ್ಣೆ ಉಳಿದೇ ಉಳಿಯುತ್ತದೆ, ಅದು ಸಹಜ. ಮಟ್ಟ ನೋಡುವುದು ಎಂಜಿನ್ ಓಡುತ್ತಿರುವಾಗ, ಎಣ್ಣೆ 30ರಿಂದ 50 ಡಿಗ್ರಿಯಲ್ಲಿರುವಾಗ. ಎಂಜಿನ್ ಆರಿಸಿ ತುಂಬಿದರೆ ಕಡಿಮೆ ಬಿದ್ದು, ಕ್ಲಚ್ಚುಗಳು ಸುಡುತ್ತವೆ.

ಮುಂದಿನ ಸಸ್ಪೆನ್ಷನ್ನಿನಲ್ಲಿ ಒಂದೊಂದು ಚಕ್ರಕ್ಕೆ ನಾಲ್ಕು ಅಲ್ಯೂಮಿನಿಯಂ ತೋಳುಗಳು. ಇವುಗಳ ಬೋಲ್ಟನ್ನು ಕಾರು ಜಾಕಿನ ಮೇಲೆ ತೂಗಾಡುತ್ತಿರುವಾಗ ಪೂರ್ತಿ ಬಿಗಿದರೆ ತೋಳಿನ ಕೀಲಿನಲ್ಲಿರುವ ಬುಷ್ಷಿನ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರ ಮಾಮೂಲು ಎತ್ತರಕ್ಕೆ ಬಂದ ಮೇಲೆ ಕೊನೆಯ ಬಿಗಿ ಹಾಕಬೇಕು. ಹೊಸ ಬುಷ್ ವರ್ಷಕ್ಕೇ ಹೋಯಿತು, ಮಾಲು ನಕಲಿ ಎಂದು ದೂರುವವರಲ್ಲಿ ಹಲವರ ತಪ್ಪು ಇಲ್ಲಿದೆ. ಮೇಲಿನ ತೋಳುಗಳ ಉದ್ದ ಬೋಲ್ಟ್ ಅಲ್ಯೂಮಿನಿಯಮ್ಮಿನಲ್ಲಿ ಕಚ್ಚಿಕೊಂಡುಬಿಡುತ್ತದೆ. ಹಿಂದಿನ ದಿನವೇ ಎಣ್ಣೆ ಬಿಟ್ಟು, ಬಿಸಿ ತೋರಿಸಿ, ನಿಧಾನಕ್ಕೆ ತಿರುಗಿಸಿ ತೆಗೆಯಬೇಕು, ಸುತ್ತಿಗೆ ಹಿಡಿದರೆ ಕೆಲಸ ಕೆಟ್ಟಿತು. ಟೈರಿನ ಮಾತು ಚಿಕ್ಕದು: 18 ಇಂಚಿನ ಚಕ್ರಕ್ಕೆ ಲೋಡ್ ಇಂಡೆಕ್ಸ್ 103 ಇರುವುದನ್ನು ಹಾಕಿಸಿ, ಅಂದರೆ ಒಂದು ಟೈರಿಗೆ 875 ಕಿಲೋ. ಅದೇ ಅಳತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು 99ರದ್ದು ಹಾಕಿದರೆ 775 ಕಿಲೋ ಅಷ್ಟೇ. ಹಲವು ಮಾದರಿಗಳಲ್ಲಿ ಖಾಲಿ ಕಾರೇ 2,200 ಕಿಲೋ ದಾಟುತ್ತದೆ.

ಬಿಡಿಭಾಗ ತರಿಸುವಾಗ ಮಾದರಿ ವರ್ಷ ಹೇಳಿದರೆ ಸಾಲದು. ಡಿಕ್ಕಿಯಲ್ಲಿ ಸ್ಟೆಪ್ನಿಯ ಹತ್ತಿರ ಅಂಟಿಸಿದ ಚೀಟಿಯ ಮೇಲೆ ಮೂರು ಅಕ್ಷರಗಳ ಕೋಡುಗಳ ಸಾಲಿರುತ್ತದೆ. ಅದರ ಫೋಟೊ ಇಟ್ಟುಕೊಳ್ಳಿ. ಬ್ರೇಕಿನ ಅಳತೆ, ಸೀಟು ನಾಲ್ಕೋ ಐದೋ, ಎಲ್ಲ ಅದರಲ್ಲಿದೆ. 120 ಮಿಲಿಮೀಟರ್ ಹೆಚ್ಚು ಉದ್ದವಿರುವ ಲಾಂಗ್ ಮಾದರಿಯೂ ಇರುವುದರಿಂದ ಹಿಂಬಾಗಿಲು ಒಂದಕ್ಕೊಂದು ಕೂರುವುದಿಲ್ಲ. ಪಾರ್ಟ್ ನಂಬರ್ 3ಡಿ0 ಎಂದು ಶುರುವಾದರೆ ಫೇಟನ್‌ದು, 3ಡಬ್ಲ್ಯೂ0 ಆದರೆ ಬೆಂಟ್ಲಿಯದು. ಹಲವು ಭಾಗಗಳು ಒಂದೇ ಅಚ್ಚಿನವು, ಹಾಗೆಂದು ಎಲ್ಲವೂ ಅಲ್ಲ; ಕೊಳ್ಳುವ ಮೊದಲು ಉಳಿದ ಅಂಕಿಗಳನ್ನು ಹೋಲಿಸಿ. ಇನ್ನೊಂದು: ಕಾರಿನ ಬೆಲೆ ಕುಸಿದಿರುವುದರಿಂದ, ಒಂದು ಹೆಡ್‌ಲೈಟ್ ಮತ್ತು ಬಂಪರ್ ಒಡೆದರೂ ವಿಮೆಯವರು ರಿಪೇರಿಗೆ ಯೋಗ್ಯವಲ್ಲವೆಂದು ಬರೆದುಬಿಡಬಹುದು.

ಸಾಮಾನ್ಯ ಲಾಂಛನ ಹೊತ್ತ ಐಷಾರಾಮಿ ಕಾರುಗಳಲ್ಲಿ ಫೇಟನ್ ಒಂದರದ್ದೇ ಕಥೆಯಲ್ಲ ಇದು. ಸಿಟ್ರೊಯೆನ್ ಸಿ6ರ ಸಸ್ಪೆನ್ಷನ್ನಿಗೆ ಕಿತ್ತಳೆ ಬಣ್ಣದ ಎಲ್‌ಡಿಎಸ್ ಎಣ್ಣೆಯೇ ಬೇಕು. ಹಳೆಯ ಸಿಟ್ರೊಯೆನ್‌ಗಳ ಹಸಿರು ಎಣ್ಣೆ ಸುರಿದರೆ ಸೀಲುಗಳು ಹಾಳು. ಲಾನ್ಚಾ ಥೀಸಿಸ್‌ಗೆ ದೀಪದ ಗಾಜು ಸಿಕ್ಕರೆ ಹಬ್ಬ. ಹ್ಯುಂಡೈ ಈಕ್ವಸ್, ಕಿಯಾ ಕೆ900 ಯಂತ್ರದ ಮಟ್ಟಿಗೆ ಇವುಗಳಷ್ಟು ಕಾಡುವುದಿಲ್ಲ.

ಇಷ್ಟಾದರೂ ಮನಸ್ಸು ಕೇಳದಿದ್ದರೆ, ಕೊಂಡ ಬೆಲೆಯ ಅರ್ಧದಷ್ಟು ಹಣ ಬೇರೆ ತೆಗೆದಿಟ್ಟುಕೊಂಡು ಹೀಗೆ ನೋಡಲು ಹೋಗಿ. ಸಂಜೆ ಒಮ್ಮೆ ಹೋಗಿ, ಪ್ರತಿ ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಟೇಪಿನಿಂದ ಅಳೆದು ನಾಲ್ಕೂ ಅಂಕಿ ಬರೆದುಕೊಳ್ಳಿ. ಬೆಳಿಗ್ಗೆ ಕಾರಿನ ಬಾಗಿಲು ತೆರೆಯುವ ಮೊದಲೇ ಮತ್ತೆ ಅಳೆಯಿರಿ. ಒಂದು ಮೂಲೆ ಮಾತ್ರ ಬೆರಳಗಲ ಇಳಿದಿದ್ದರೆ ಅದು ಸೋರುತ್ತಿದೆ. ಆಮೇಲೆ ಸ್ಕ್ಯಾನ್, ದೋಷ ಒಂದೂ ಇಲ್ಲದೆ ತೊಳೆದಿಟ್ಟಂತಿದ್ದರೆ ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ರೆಡಿನೆಸ್ ಪರೀಕ್ಷೆಗಳು ಪೂರ್ತಿಯಾಗಿವೆಯೇ ನೋಡಿ, ಆಗಿಲ್ಲದಿದ್ದರೆ ದೋಷಗಳನ್ನು ಈಚೆಗಷ್ಟೇ ಅಳಿಸಿರುವ ಸಾಧ್ಯತೆ ಹೆಚ್ಚು. ಬಾನೆಟ್ಟಿನ ಮೇಲೆ ಕೈಯಿಟ್ಟು ತಣ್ಣಗಿದೆಯೇ ನೋಡಿಯೇ ಚಾಲು ಮಾಡಿಸಿ. "ನೀವು ಬರುವಷ್ಟರಲ್ಲಿ ಒಂದು ರೌಂಡ್ ಹೊಡೆದು ಬಿಸಿ ಮಾಡಿಟ್ಟಿರ್ತೀನಿ" ಎಂದು ಮಾರುವವರು ಹೇಳಿದರೆ ಬೇರೆ ದಿನ ಹೋಗಿ, ಹೇಳದೆ.