ಏಳು ವರ್ಷದಿಂದ ಒಂದೇ ಮಣ್ಣು ಪರೀಕ್ಷಾ ಲ್ಯಾಬ್: ಮಳೆ ನಂಬಿದ ಹೊಲಕ್ಕೆ ಎಷ್ಟು ಉಪಯೋಗ?

ಈ ಲ್ಯಾಬ್‌ಗೆ ಏಳು ವರ್ಷದಿಂದ ಮಣ್ಣು ಕೊಡುತ್ತಿದ್ದೇನೆ. ನಾಲ್ಕು ವರ್ಷದಿಂದ ಎಲೆಯನ್ನೂ ಕೊಡುತ್ತಿದ್ದೇನೆ. ನನ್ನದು ಪೂರ್ತಿ ಮಳೆ ಆಶ್ರಿತ ಬೇಸಾಯ. ಕೆಳಗೆ ಸುಣ್ಣದ ಹರಳಿರುವ ಎರೆ ಹೊಲ ಒಂದು, ಇಳಿಜಾರಿನ ತೆಳು ಮಣ್ಣಿನ ಹೊಲ ಒಂದು. ಮೊದಲ ಎರಡು ವರ್ಷ ಆದ ಮೇಲೆ ಈ ಲ್ಯಾಬ್ ಸಹವಾಸವೇ ಬೇಡ ಅನ್ನಿಸಿತ್ತು. ಈಗ ಬೇರೆ ಕಡೆ ಹೋಗುವ ಯೋಚನೆಯೇ ಇಲ್ಲ.

ಅನುಮಾನ ಶುರುವಾಗಿದ್ದು ರಂಜಕದಿಂದ. ಎರೆ ಹೊಲದಲ್ಲಿ ಹದಿನೈದು ಕಡೆ ತೆಗೆದ ಮಣ್ಣನ್ನು ಚೆನ್ನಾಗಿ ಕಲಸಿ, ಎರಡು ಚೀಲಕ್ಕೆ ತುಂಬಿ, ಬೇರೆ ಬೇರೆ ಹೆಸರು ಬರೆದು ಕೊಟ್ಟೆ. ಒಂದಕ್ಕೆ ರಂಜಕ 'ಕಡಿಮೆ' ಅಂತ ಬಂತು, ಇನ್ನೊಂದಕ್ಕೆ 'ಮಧ್ಯಮ'. ಎರಡೂ ವರದಿ ಹಿಡಿದುಕೊಂಡು ಹೋದೆ. ಆಗಷ್ಟೇ ಬಂದಿದ್ದ ಮುಖ್ಯಸ್ಥರು ವಾದಕ್ಕೆ ನಿಲ್ಲಲಿಲ್ಲ, ರಿಜಿಸ್ಟರ್ ತೆಗೆಸಿ ನೋಡಿದರು. ಒಂದು ಚೀಲ ಬ್ರೇ ವಿಧಾನದ ಬ್ಯಾಚ್‌ಗೆ ಹೋಗಿತ್ತು, ಇನ್ನೊಂದು ಓಲ್ಸೆನ್ ವಿಧಾನದ ಬ್ಯಾಚ್‌ಗೆ. ಎರಡೂ ರಂಜಕ ಅಳೆಯುವ ವಿಧಾನಗಳೇ. ಬ್ರೇ ದ್ರಾವಣದಲ್ಲಿ ಆಮ್ಲ ಇರುತ್ತದೆ, ಹುಳಿ ಮಣ್ಣಿಗೆ ಅದು ಸರಿ. ಸುಣ್ಣದ ಮಣ್ಣಿಗೆ ಹಾಕಿದರೆ ಸುಣ್ಣವೇ ಆಮ್ಲವನ್ನು ನುಂಗಿಬಿಡುತ್ತದೆ. ಆಗ ಇರುವ ರಂಜಕವೂ ಇಲ್ಲದ ಹಾಗೆ ಕಾಣುತ್ತದೆ. ಇಂಥ ಮಣ್ಣಿಗೆ ಅಂತಲೇ 1954ರಿಂದ ಓಲ್ಸೆನ್ ವಿಧಾನ ಇದೆ, ಪಿಎಚ್ (ಹುಳಿ-ಕ್ಷಾರದ ಅಳತೆ) 8.5ರ ಬೈಕಾರ್ಬೊನೇಟ್ ದ್ರಾವಣದ್ದು.

ಅಲ್ಲಿಂದ ಮುಂದೆ ಲ್ಯಾಬ್ ನಿಜವಾಗಿಯೂ ಬದಲಾಯಿತು. ಈಗ ಮೊದಲು ಪಿಎಚ್ ನೋಡುತ್ತಾರೆ, ಆಮೇಲೆ ವಿಧಾನ ಆರಿಸುತ್ತಾರೆ. ಯಾವ ವಿಧಾನ ಅಂತ ವರದಿಯಲ್ಲೇ ಬರೆಯುತ್ತಾರೆ. ಪ್ರತಿ ಬ್ಯಾಚ್‌ನಲ್ಲೂ ಮೊದಲೇ ಲೆಕ್ಕ ಗೊತ್ತಿರುವ ಒಂದು ಮಣ್ಣನ್ನು ಸೇರಿಸುತ್ತಾರೆ. ಅದರ ಅಂಕಿ ತಪ್ಪಿದರೆ ಇಡೀ ಬ್ಯಾಚ್ ಮತ್ತೆ ಮೊದಲಿನಿಂದ. ಹೋದ ವರ್ಷ ಪುನಃ ಜೋಡಿ ಚೀಲ ಕೊಟ್ಟೆ, ಎರಡೂ ಹೆಚ್ಚು ಕಡಿಮೆ ಒಂದೇ ಬಂದವು. ಅವತ್ತು ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಒಂದು ಸಲ ತಪ್ಪು ನನ್ನ ಕಡೆಯಿಂದಲೇ ಆಗಿತ್ತು. ಇಳಿಜಾರಿನ ಹೊಲದಲ್ಲಿ ಸತು ಇದ್ದಕ್ಕಿದ್ದಂತೆ ಜಾಸ್ತಿ ಬಂತು. ವರದಿ ಕೊಡುವ ಮೊದಲೇ ಲ್ಯಾಬ್‌ನವರು ಫೋನ್ ಮಾಡಿ, 'ಮಣ್ಣು ಯಾವುದರಲ್ಲಿ ಕಲಸಿದ್ರಿ?' ಅಂತ ಕೇಳಿದರು. ತಗಡಿನ ಬಕೆಟ್. ಅದಕ್ಕೆ ಸತುವಿನ ಲೇಪ ಇರುತ್ತದಲ್ವಾ, ಅದೇ ಮಣ್ಣಿಗೆ ಹತ್ತಿತ್ತು. ಗಿಡಕ್ಕೆ ಸಿಗುವ ಸತುವನ್ನು ಅಳೆಯುವ ಡಿಟಿಪಿಎ ಪರೀಕ್ಷೆಯಲ್ಲಿ ಅದು ಸುಮಾರು 0.6 ಪಿಪಿಎಮ್‌ಗಿಂತ ಕೆಳಗಿದ್ದರೆ ಕೊರತೆ ಅನ್ನುತ್ತಾರೆ. ಅಂದರೆ ಒಂದು ಕಿಲೋ ಮಣ್ಣಿನಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಅಷ್ಟು ಸಣ್ಣ ಲೆಕ್ಕ ಕೆಡಲು ಒಂದು ಬಕೆಟ್ ಸಾಕು. ಈಗ ಪ್ಲಾಸ್ಟಿಕ್ ಬಕೆಟ್ ಬಿಟ್ಟು ಬೇರೆ ಮುಟ್ಟುವುದಿಲ್ಲ.

ಎಲೆ ಪರೀಕ್ಷೆ ನನಗೆ ಇನ್ನೂ ಹೆಚ್ಚು ಇಷ್ಟ. ಎರೆ ಹೊಲದ ಜೋಳದಲ್ಲಿ ಎಳೆ ಎಲೆಗಳ ನರ ಹಸಿರು, ನಡುವೆ ಹಳದಿ ಪಟ್ಟೆ. ನೋಡಿದವರೆಲ್ಲ ಕಬ್ಬಿಣದ ಕೊರತೆ ಅಂದರು. ಆದರೆ ಮೊದಲ ವರದಿಯಲ್ಲಿ ಕಬ್ಬಿಣ ಬೇಕಾದಷ್ಟಿದೆ ಅಂತ ಬಂತು! ಎಲೆ ಮೇಲಿನ ಧೂಳನ್ನು ಯಾರೂ ತೊಳೆದಿರಲಿಲ್ಲ, ಧೂಳಿನ ಕಬ್ಬಿಣವೂ ಲೆಕ್ಕಕ್ಕೆ ಸೇರಿತ್ತು. ಅದೂ ಅಲ್ಲದೆ, ಎಲೆಯಲ್ಲಿರುವ ಒಟ್ಟು ಕಬ್ಬಿಣವೆಲ್ಲ ಗಿಡದ ಕೆಲಸಕ್ಕೆ ಬರುವುದಿಲ್ಲ. ಈಗ ಎಲೆ ತೊಳೆದು, ಹಸಿ ಎಲೆಯನ್ನೇ ಕತ್ತರಿಸಿ, ಕೆಲಸಕ್ಕೆ ಬರುವ ಕಬ್ಬಿಣ ಇದ್ದಷ್ಟೂ ಕೆಂಪಾಗುವ ಫೆನಾಂಥ್ರೊಲಿನ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸುತ್ತಾರೆ. ಬೆಳಿಗ್ಗೆ ಸೋಸಿದಾಗ ನಾನು ಅಲ್ಲೇ ಇದ್ದೆ. ಒಳ್ಳೆಯ ಗಿಡದ ಬಾಟಲಿ ಗಾಢ ಕಿತ್ತಳೆಗೆಂಪು, ಹಳದಿ ಗಿಡದ್ದು ಬರೀ ತಿಳಿ ಬಣ್ಣ. ಯಾರೂ ವಿವರಿಸಬೇಕಾಗಿರಲಿಲ್ಲ.

ಇನ್ನು ಲ್ಯಾಬ್‌ನ ಕೊರತೆಗಳು. ಬಿತ್ತನೆಗೆ ಮುಂಚಿನ ತಿಂಗಳು ಚೀಲಗಳ ರಾಶಿ ಬೀಳುತ್ತದೆ, ವರದಿ ತಡ. ಕೊಯ್ಲು ಮುಗಿದ ಕೂಡಲೇ ಕೊಟ್ಟುಬಿಡಿ.

ನನ್ನ ದೊಡ್ಡ ತಕರಾರು ನೀರಿನದು. ಶಿಫಾರಸು ಓದಿದರೆ ನೀರು ಕೈಯಲ್ಲೇ ಇದೆ ಅನ್ನುವ ಹಾಗಿರುತ್ತದೆ. ತೇವ ಇಲ್ಲದ ನೆಲಕ್ಕೆ ಯೂರಿಯಾ ಸುರಿದು ಏನು ಮಾಡುವುದು? ಅರ್ಧ ಬಿತ್ತುವಾಗ, ಇನ್ನರ್ಧ ಮಳೆ ಬಂದರೆ ಮಾತ್ರ ಅಂತ ಬರೆದರೆ ಸಾಕು, ಎಷ್ಟೋ ಉಪಕಾರ. ಹೋದ ಬೆಳೆಯಲ್ಲಿ ಉಳಿದ ನೈಟ್ರೇಟ್ (ಗಿಡ ಹೀರುವ ಸಾರಜನಕ) ಕೆಳಗಿನ ಪದರದಲ್ಲೂ ಇರುತ್ತದೆ, ಬೇರು ಅಲ್ಲಿಗೂ ಹೋಗುತ್ತದೆ. ಆದರೂ ಮೇಲಿನ 15 ಸೆಂಟಿಮೀಟರ್ ಮಾತ್ರ ನೋಡುತ್ತಿದ್ದರು. ಕೇಳಿ ಕೇಳಿ, ಹೋದ ವರ್ಷದಿಂದ 60 ಸೆಂಟಿಮೀಟರ್‌ವರೆಗಿನ ಮಣ್ಣನ್ನೂ ತೆಗೆದುಕೊಳ್ಳುತ್ತಿದ್ದಾರೆ. ಅದನ್ನು ಹಸಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಬಿಸಿಲಿಗೆ ಇಡಬೇಡಿ. ಸೂಕ್ಷ್ಮಜೀವಿಗಳು ಕೆಲಸ ಮುಂದುವರಿಸಿ ನೈಟ್ರೇಟ್ ಲೆಕ್ಕ ಬದಲಾಗುತ್ತದೆ. ಬೇಗ ನೆರಳಿನಲ್ಲಿ ತೆಳ್ಳಗೆ ಹರಡಿ ಒಣಗಿಸಿ.

ಮಣ್ಣು ಎಷ್ಟು ಆಳ ಇದೆ ಅಂತ ಮಾತ್ರ ಅರ್ಜಿಯಲ್ಲಿ ಇವತ್ತಿಗೂ ಕೇಳುವುದಿಲ್ಲ. ಒಂದು ಮೀಟರ್ ಆಳದ ಎರೆ ಹೊಲ ಹಿಡಿದಿಡುವ ನೀರೆಷ್ಟು, 30 ಸೆಂಟಿಮೀಟರ್‌ಗೇ ಕಲ್ಲು ಸಿಗುವ ಇಳಿಜಾರು ಹಿಡಿಯುವುದೆಷ್ಟು! ಆದರೂ ಪೋಷಕಾಂಶದ ಅಂಕಿ ಒಂದೇ ಇದ್ದರೆ ಎರಡಕ್ಕೂ ಒಂದೇ ಗೊಬ್ಬರ ಬರೆಯುತ್ತಾರೆ. ಅದಕ್ಕೇ ಐದರಲ್ಲಿ ನಾಲ್ಕು ಸ್ಟಾರ್. ಈ ಸಲ ಅರ್ಜಿಯಲ್ಲಿ ಜಾಗ ಇಲ್ಲದಿದ್ದರೂ ಚೀಲದ ಮೇಲೆಯೇ ದಪ್ಪ ಅಕ್ಷರದಲ್ಲಿ ಆಳ ಬರೆದು ಕೊಟ್ಟಿದ್ದೇನೆ. ನೀವೂ ಬರೆದು ಕೊಡಿ.