ಜಿಲ್ಲಾಸ್ಪತ್ರೆ ಎದುರಿನ ಜೆರಾಕ್ಸ್ ಅಂಗಡಿ: ಚಿಕ್ಕಪ್ಪನ ಅಂಗವಿಕಲ ಸರ್ಟಿಫಿಕೇಟ್ ಅಪೀಲಿಗೆ ದಾಖಲೆ ಜೋಡಿಸಿದ್ದು, 5ಕ್ಕೆ 4 ಸ್ಟಾರ್

ಮೊದಲೇ ಹೇಳ್ಬಿಡ್ತೀನಿ, ಅಂಗಡಿ ಹೆಸರು ಹಾಕ್ತಿಲ್ಲ, ಊರೂ ಹೇಳಲ್ಲ. ಊರು ಹೇಳಿದ್ರೆ ಆಸ್ಪತ್ರೆ ಯಾವ್ದು ಅಂತ ಗೊತ್ತಾಗುತ್ತೆ, ನಾವು ಅಲ್ಲಿಗೆ ಇನ್ನೂ ಹೋಗ್ಬೇಕಾಗುತ್ತೆ. ಹಂಗಾದ್ರೆ ರಿವ್ಯೂ ಯಾಕಪ್ಪ ಬರೀತಿದೀಯ ಅಂದ್ರೆ, ಇಂಥ ಅಂಗಡಿಗಳು ಆಸ್ಪತ್ರೆ ಗೇಟ್ ಎದುರು ಸಾಲಾಗಿ ಇರ್ತವೆ, ನಾವು ಎರಡು ರೂಪಾಯಿ ಕೊಟ್ಟು ಕಾಪಿ ಮಾಡಿಸ್ಕೊಂಡು ಓಡ್ತೀವಿ, ಒಳಗೆ ಕೂತಿರೋರಿಗೆ ಏನು ಗೊತ್ತಿರುತ್ತೆ ಅಂತ ಕೇಳೋದೇ ಇಲ್ಲ. ನಾನು ಕೇಳಿದ್ದರಿಂದ ನಮ್ಮ ಚಿಕ್ಕಪ್ಪನ ಸರ್ಟಿಫಿಕೇಟಲ್ಲಿ ಅಂಗವೈಕಲ್ಯ ಶೇ. 36 ಇದ್ದಿದ್ದು 47 ಆಯ್ತು.

ಅಂಗಡಿ ಅಂದ್ರೆ ದೊಡ್ಡದೇನಲ್ಲ, ಎಂಟಡಿ ಅಗಲ ಇರ್ಬೋದು. ಒಂದು ಜೆರಾಕ್ಸ್ ಮಷೀನು, ಒಂದು ಕಂಪ್ಯೂಟರ್, ಗಾಜಿನ ಕೌಂಟರ್ ಒಳಗೆ ಬಾಂಡ್ ಪೇಪರ್, ಪೆನ್ನು, ಫೈಲು, ಮೇಲೊಂದು ಚಾಕ್ಲೇಟ್ ಡಬ್ಬಿ, ಅದು ಚಿಲ್ಲರೆ ಇಲ್ದಿದ್ರೆ ಕೊಡೋಕೆ. ನಡೆಸೋದು ಒಬ್ರು ಅಕ್ಕ. ಪ್ರತಿ ಬುಧವಾರ ಆಸ್ಪತ್ರೆಲಿ ಅಂಗವಿಕಲರ ಮೆಡಿಕಲ್ ಬೋರ್ಡ್ ಕೂರುತ್ತೆ, ಆವತ್ತು ಅಂಗಡಿ ಮುಂದೆ ಜಾತ್ರೆ. (ಸರ್ಕಾರಿ ಪೇಪರಲ್ಲಿ ವಿಕಲಚೇತನರು ಅಂತಾರೆ, ಕ್ಯೂನಲ್ಲಿ ನಿಂತೋರೆಲ್ಲ ಅನ್ನೋದು ಅಂಗವಿಕಲ ಸರ್ಟಿಫಿಕೇಟ್ ಅಂತಾನೇ, ನಾನೂ ಹಂಗೇ ಬರೀತೀನಿ.) ಆ ಬುಧವಾರಗಳನ್ನ ಹತ್ತು ಹನ್ನೆರಡು ವರ್ಷ ನೋಡಿ ನೋಡಿ ಅಕ್ಕನಿಗೆ ಯಾವ ಪೇಪರ್ ಒಳಗೆ ನಡೆಯುತ್ತೆ ಯಾವ್ದು ನಡೆಯಲ್ಲ ಅನ್ನೋದು ಬಾಯಿಪಾಠ.

ನಮ್ಮ ಕಥೆ ಏನಂದ್ರೆ, ಚಿಕ್ಕಪ್ಪಂಗೆ 52 ವರ್ಷ, 22 ವರ್ಷ ಪವರ್‌ಲೂಮಲ್ಲಿ ಕೆಲಸ ಮಾಡಿದಾರೆ. ಮಗ್ಗದ ಶೆಡ್ ಒಳಗೆ ನಿಂತಿದ್ದೋರಿಗೆ ಗೊತ್ತಿರುತ್ತೆ, ಪಕ್ಕದಲ್ಲಿರೋನಿಗೆ ಏನಾದ್ರೂ ಹೇಳ್ಬೇಕು ಅಂದ್ರೂ ಕೈಸನ್ನೆನೇ ಗತಿ, ಲಾಳಿ ಸದ್ದಿನ ಮುಂದೆ ಇನ್ಯಾವ ಸದ್ದೂ ಇಲ್ಲ. ಕಿವಿ ನಿಧಾನಕ್ಕೆ ಹೋಯ್ತು. ಮನೇಲಿ ಯಾರಿಗೂ ಗೊತ್ತಾಗ್ಲಿಲ್ಲ, ಯಾಕಂದ್ರೆ ಅವರು ಯಾರು ಏನಂದ್ರೂ ಹೂಂ ಅಂತಿದ್ರು.

ಸರ್ಟಿಫಿಕೇಟ್ ಮಾಡಿಸೋಣ ಅಂತ ಮೊದಲ ಸಲ ಬೋರ್ಡಿಗೆ ಹೋದಾಗ ಮನೇಲಿದ್ದ ಕಾಗದನೆಲ್ಲ ಒಂದು ಚೀಲಕ್ಕೆ ತುಂಬ್ಕೊಂಡು ಹೋದ್ವಿ. ಜಾಸ್ತಿ ಪೇಪರ್ ಇದ್ರೆ ಕೇಸು ಗಟ್ಟಿ ಅಂತ ನನ್ನ ಲೆಕ್ಕ. ಆವತ್ತು ಆಸ್ಪತ್ರೆ ಆಡಿಯೋಮೀಟರ್ (ಕಿವಿ ಎಷ್ಟು ಕೇಳಿಸುತ್ತೆ ಅಂತ ಅಳೆಯೋ ಮಷೀನು) ರಿಪೇರಿಗೆ ಹೋಗಿತ್ತು, ಹಾಗಾಗಿ ನಾವು ತಂದಿದ್ದ ಕಿವಿ ಟೆಸ್ಟ್ ರಿಪೋರ್ಟನ್ನೇ ನೋಡಿದ್ರು. ಹೊಸ ರಿಪೋರ್ಟಿನ ಒರಿಜಿನಲ್ಲನ್ನ ಚಿಕ್ಕಮ್ಮ ಕಳೆದುಹೋಗುತ್ತೆ ಅಂತ ಬೀರುವಲ್ಲಿ ಜಮೀನಿನ ಪತ್ರದ ಜೊತೆ ಇಟ್ಟಿದ್ರು, ಕೈಲಿದ್ದಿದ್ದು ಮನೆ ಹತ್ರ ಮಾಡಿಸಿದ ಜೆರಾಕ್ಸು. ಡಾಕ್ಟರ್ ಅದನ್ನ ಹಿಂದೆ ಮುಂದೆ ತಿರುಗಿಸಿ, ಇದರಲ್ಲಿ ಡೇಟ್ ಎಲ್ಲಿದೆ ಅಂದ್ರು. ನೋಡಿದ್ರೆ ಕಾಪಿ ಮಾಡೋವಾಗ ಪೇಪರ್ ಸರಿದು ಮೇಲಿನ ಒಂದಿಂಚು ಕತ್ತರಿಸಿ ಹೋಗಿದೆ, ಡೇಟು ಇದ್ದಿದ್ದು ಅಲ್ಲೇ. ಚೀಲದಲ್ಲಿ 3 ವರ್ಷ ಹಳೇ ರಿಪೋರ್ಟ್ ಒಂದಿತ್ತು, ಅದರ ಮೇಲೆ ಡೇಟು, ಸೀಲು, ಸೈನು ಎಲ್ಲ ನೀಟಾಗಿತ್ತು. ಅವರು ಅದನ್ನ ತಗೊಂಡ್ರು. ಸರ್ಟಿಫಿಕೇಟ್ ಬಂತು, ಶೇ. 36.

ಶೇ. 36 ಅಂದ್ರೆ ಏನೂ ಇಲ್ಲ ಅಂತಾನೇ ಅರ್ಥ. ಅಂಗವಿಕಲರ ಗುರುತಿನ ಕಾರ್ಡೇನೋ ಬರುತ್ತೆ, ಬಿಳಿ ಬಣ್ಣದ್ದು. 40ರಿಂದ 80ರ ಒಳಗಿದ್ರೆ ಹಳದಿ, 80 ಮತ್ತು ಮೇಲೆ ನೀಲಿ. ಸೌಲಭ್ಯ ಎಲ್ಲ ಶುರು ಆಗೋದೇ 40ರಿಂದ. ಮಾಸಾಶನ (ನಾವು ವಿಚಾರಿಸಿದಾಗ 40 ದಾಟಿದ್ರೆ ತಿಂಗಳಿಗೆ 800, 75 ದಾಟಿದ್ರೆ 1400 ಅಂದ್ರು), ಕೆಎಸ್‌ಆರ್‌ಟಿಸಿಯ 100 ಕಿಲೋಮೀಟರ್ ಪಾಸು, ಕೇಂದ್ರದ ಸ್ಕೀಮಲ್ಲಿ ಸಿಗೋ ಹಿಯರಿಂಗ್ ಏಡು, ಯಾವ್ದೂ 36ಕ್ಕೆ ಇಲ್ಲ. ನಾಲ್ಕು ಪರ್ಸೆಂಟಿಗೆ.

ಆ ಸರ್ಟಿಫಿಕೇಟ್ ಕಾಪಿ ಮಾಡಿಸೋಕೆ ಅಂತ ಈ ಅಂಗಡಿಗೆ ಹೋದ್ವಿ. ಅಕ್ಕ ಅದನ್ನ ಗಾಜಿನ ಮೇಲೆ ಇಡೋ ಮುಂಚೆ ಒಂದ್ಸಲ ಓದಿ, ಚಿಕ್ಕಪ್ಪನ ಕಡೆ ನೋಡಿ, ಮಷೀನ್ ಹಿಂದಿಂದಾನೇ "ಅಣ್ಣ, ಊಟ ಆಯ್ತಾ?" ಅಂದ್ರು. ಚಿಕ್ಕಪ್ಪ ಹೂಂ ಅಂದ್ರು. "ನಿಮ್ಮ ಹೆಸರೇನಣ್ಣ?" ಅದಕ್ಕೂ ಹೂಂ. ಅಕ್ಕ ನನ್ನ ಕಡೆ ತಿರುಗಿ, "ಡಾಕ್ಟ್ರು ಮುಂದೇನೂ ಹಿಂಗೇ ಹೂಂ ಅಂದಿರ್ತಾರೆ, ಮೊದ್ಲು ಇದನ್ನ ಬಿಡ್ಸಪ್ಪ" ಅಂದ್ರು.

ಆಮೇಲೆ ಚೀಲ ಇಸ್ಕೊಂಡು ಕೌಂಟರ್ ಮೇಲೆ ಸುರಿದ್ರು. ಮೂರು ಗುಂಪು ಮಾಡಿದ್ರು, ಇದು ಬೇಕು, ಇದು ಇರ್ಲಿ, ಇದು ಮನೆಗೆ. ಮನೆಗೆ ಅನ್ನೋ ಗುಂಪು ಬೆಳೀತಾನೇ ಹೋಯ್ತು: ಬಿಪಿ ಮಾತ್ರೆ ಬಿಲ್ಲು, ಮಂಡಿನೋವಿನ ಎಕ್ಸ್‌ರೇ, ಒಂದು ಚೀಟಿಗೆ ಪೂಜೆ ದಿನದ ಅರಿಶಿಣ ಮೆತ್ಕೊಂಡಿತ್ತು. ಇವರಿಗೆ ನಿಜವಾಗ್ಲೂ ಕಿವಿ ಕೇಳಿಸಲ್ಲ ಅಂತ ಪಂಚಾಯ್ತಿ ಮೆಂಬರ್ ಲೆಟರ್‌ಹೆಡ್ಡಲ್ಲಿ ಬರೆದುಕೊಟ್ಟ ಪತ್ರ, ಅದನ್ನ ಪಡೆಯೋಕೆ ನಾನು ನಾಲ್ಕು ದಿನ ಅಲೆದಿದ್ದೆ, ಅದೂ ಮನೆಗೆ. ನನಗೆ ಸಿಟ್ಟು ಬಂತು. ಅಕ್ಕ ಹೇಳಿದ್ದು, ಒಳಗಿರೋರು ಕಷ್ಟ ಅಳೆಯಲ್ಲ, ಕಿವಿ ಅಳೀತಾರೆ, ಅವರು ಅಳೆಯೋದೇನೋ ಅದರ ಪೇಪರ್ ಮಾತ್ರ ಕೊಡಿ ಅಂತ. ಕೊನೆಗೆ ಬೇಕು ಅನ್ನೋ ಗುಂಪಲ್ಲಿ ಉಳಿದಿದ್ದು ನಾಲ್ಕೇ ಹಾಳೆ. ಪ್ರತಿಯೊಂದರ ಮೂಲೇಲೂ ಪೆನ್ಸಿಲ್ಲಲ್ಲಿ ತಾರೀಖು ಬರೆದು, ಹೊಸದು ಮೇಲೆ ಹಳೇದು ಕೆಳಗೆ ಬರೋ ಹಾಗೆ ಜೋಡಿಸಿದ್ರು.

ಅಪೀಲು ಬರೆಯೋ ಮುಂಚೆ ಬೋರ್ಡಿನೋರು 36 ಅಂತ ಹೆಂಗೆ ತಂದ್ರು ಅನ್ನೋದು ಗೊತ್ತಾಗ್ಬೇಕು, ಆರ್‌ಟಿಐ ಹಾಕಿ ಅಂದ್ರು. ಇದು ನನಗೆ ಹೊಳೆದೇ ಇರ್ಲಿಲ್ಲ. 10 ರೂಪಾಯಿ ಪೋಸ್ಟಲ್ ಆರ್ಡರ್, ನಮ್ಮ ರಾಜ್ಯದ ರೂಲ್ ಪ್ರಕಾರ ಅರ್ಜಿ 150 ಪದ ಮೀರಬಾರ್ದು, ಒಂದೇ ವಿಷಯ ಕೇಳ್ಬೇಕು. ನಾನು ಬರ್ಕೊಂಡು ಹೋಗಿದ್ದು ಎರಡು ಪುಟ, ಅರ್ಧ ಪುಟ ಅನ್ಯಾಯದ ಬಗ್ಗೆನೇ ಇತ್ತು. ಅಕ್ಕ ಎಲ್ಲ ಅಳಿಸಿ ಮೂರು ಸಾಲು ಟೈಪ್ ಮಾಡಿದ್ರು: ಇಂಥ ತಾರೀಖು, ಇಂಥ ಹೆಸರು, ಮೌಲ್ಯಮಾಪನದ ಹಾಳೆ ಮತ್ತು ಅದಕ್ಕೆ ಆಧಾರ ಮಾಡ್ಕೊಂಡ ಶ್ರವಣ ಪರೀಕ್ಷೆ ವರದಿಯ ದೃಢೀಕೃತ ನಕಲು ಕೊಡಿ. 26ನೇ ದಿನಕ್ಕೆ ಬಂತು, ಪುಟಕ್ಕೆ 2 ರೂಪಾಯಿ ಕಟ್ಟಿ ತಗೊಂಡ್ವಿ.

ಅದರಲ್ಲಿತ್ತು ಲೆಕ್ಕ. ಕಿವಿದು ಹೆಂಗೆ ಅಂದ್ರೆ, 500, 1000, 2000, 4000 ಹರ್ಟ್ಜ್ ಈ ನಾಲ್ಕು ಸದ್ದಲ್ಲಿ ಎಷ್ಟು ಡೆಸಿಬಲ್ಲಿಗೆ ಕೇಳಿಸ್ತು ಅಂತ ನೋಡಿ ಸರಾಸರಿ ತೆಗೀತಾರೆ, ಟೇಬಲ್ ನೋಡಿ ಒಂದೊಂದು ಕಿವಿಗೆ ಒಂದೊಂದು ಪರ್ಸೆಂಟ್ ಹಾಕ್ತಾರೆ, ಆಮೇಲೆ ಚೆನ್ನಾಗಿ ಕೇಳಿಸೋ ಕಿವಿದನ್ನ ಐದರಿಂದ ಗುಣಿಸಿ, ಕೆಟ್ಟ ಕಿವಿದನ್ನ ಕೂಡಿಸಿ, ಆರರಿಂದ ಭಾಗಿಸ್ತಾರೆ. ಚಿಕ್ಕಪ್ಪನ ಹಾಳೇಲಿ 32 ಮತ್ತು 56 ಇತ್ತು. ಅಕ್ಕ ಕ್ಯಾಲ್ಕುಲೇಟರ್ ತಗೊಂಡು ನಮ್ಮೆದುರಿಗೇ ಒತ್ತಿದ್ರು, 160, ಕೂಡಿಸಿದ್ರೆ 216, ಭಾಗ 6, 36. ಲೆಕ್ಕ ಸರಿಯಾಗೇ ಇದೆ, ಹಾಕಿದ ನಂಬರ್ ಮಾತ್ರ 3 ವರ್ಷ ಹಳೇದು. ಅಂದ್ರೆ ಯಾರೂ ಮೋಸ ಮಾಡಿಲ್ಲ, ಲಂಚ ಕೊಡ್ಲಿಲ್ಲ ಅಂತ ಕಮ್ಮಿ ಹಾಕಿಲ್ಲ, ನಮ್ಮದೇ ಜೆರಾಕ್ಸಿನ ಒಂದಿಂಚು. ಒಂದು ತಿಂಗಳಿಂದ ಮನೇಲಿ ಡಾಕ್ಟರಿಗೆ ಬೈದಿದ್ದೆಲ್ಲ ವೇಸ್ಟಾಯ್ತು.

ಇನ್ನೊಂದು ಗಮನಿಸಿ, ಈ ಐದರಿಂದ ಗುಣಿಸೋದರಿಂದ ಕೆಟ್ಟ ಕಿವಿ ಎಷ್ಟೇ ಕೆಟ್ಟಿದ್ರೂ ಅಷ್ಟೇನೂ ಏರಲ್ಲ, ಒಂದು ಕಿವಿ ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ರೆ 40 ಮುಟ್ಟೋದೇ ಇಲ್ಲ. ಎಷ್ಟೋ ಜನ ಇದು ಗೊತ್ತಿಲ್ದೆ ಮತ್ತೆ ಮತ್ತೆ ಅರ್ಜಿ ಹಾಕ್ತಾರೆ ಅಂದ್ರು ಅಕ್ಕ.

ಹೊಸ ಟೆಸ್ಟಿಗೆ ಮೈಸೂರಿಗೆ ಹೋದ್ವಿ, ಮಾನಸಗಂಗೋತ್ರಿಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಮೊದ್ಲು ಕಿವಿ ಗುಗ್ಗೆ ಇದೆಯಾ ನೋಡಿದ್ರು, ಆಮೇಲೆ ಸೌಂಡ್‌ಪ್ರೂಫ್ ರೂಮಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿ, ಕೇಳಿಸಿದಾಗ ಬಟನ್ ಒತ್ತಿ ಅಂತ. ರಿಪೋರ್ಟ್ ಅಂದ್ರೆ ಒಂದು ಗ್ರಾಫು, ಕೆಂಪು ಸೊನ್ನೆ ಬಲಗಿವಿ, ನೀಲಿ ಇಂಟು ಮಾರ್ಕು ಎಡಗಿವಿ, ಗೆರೆ ಕೆಳಗೆ ಹೋದಷ್ಟೂ ಕಿವಿ ಕೆಟ್ಟಿದೆ ಅಂತ. ಚಿಕ್ಕಪ್ಪನ ಗೆರೆ 4000ದ ಹತ್ರ ಹಳ್ಳಕ್ಕೆ ಬಿದ್ದ ಹಾಗೆ ಇಳಿದಿತ್ತು. ಸದ್ದಲ್ಲಿ ಕೆಲಸ ಮಾಡಿದೋರ ಕಿವಿ ಮೊದ್ಲು ಹೋಗೋದು ಅಲ್ಲೇ ಅಂತೆ. 22 ವರ್ಷದ ಮಗ್ಗ ಆ ಹಳ್ಳದಲ್ಲಿ ಕಾಣ್ತಿತ್ತು, ಚಿಕ್ಕಪ್ಪ ತುಂಬಾ ಹೊತ್ತು ಅದನ್ನೇ ಬೆರಳಲ್ಲಿ ಸವರ್ತಾ ಇದ್ರು. ಬೆರಾ ಅಂತ ಇನ್ನೊಂದು ಟೆಸ್ಟೂ ಮಾಡಿಸಿದ್ವಿ, ತಲೆಗೆ ವೈರ್ ಅಂಟಿಸಿ ಮಲಗಿಸ್ತಾರೆ, ಬಟನ್ ಒತ್ತೋದೇನೂ ಇಲ್ಲ, ಸದ್ದಿಗೆ ನರ ಏನನ್ನುತ್ತೆ ಅಂತ ಮಷೀನೇ ಬರ್ಕೊಳ್ಳುತ್ತೆ. ಸುಮ್ನೆ ಕೇಳಿಸಲ್ಲ ಅಂತ ನಾಟಕ ಆಡೋರು ಸಿಕ್ಕಿಬೀಳೋದು ಇಲ್ಲೇ.

ನಾಟಕ ಅಂದಾಗ ನೆನಪಾಯ್ತು. ಅಂಗಡಿ ಪಕ್ಕ ಟೀ ಕುಡೀತಿದ್ದಾಗ ಒಬ್ಬ ಬಂದು, 75 ಮಾಡಿಸಿಕೊಡ್ತೀನಿ ಹದಿನೈದು ಸಾವಿರ ಆಗುತ್ತೆ ಅಂದ. ನಿಜ ಹೇಳ್ಬೇಕು ಅಂದ್ರೆ ನಾನು ಒಂದು ನಿಮಿಷ ಲೆಕ್ಕ ಹಾಕ್ದೆ. ಅಕ್ಕ ಒಳಗಿಂದಾನೇ, "ಅವನ ಮಾತು ಕೇಳಿ ಜೈಲಿಗೆ ಹೋಗೋದು ನೀನು, ಅವನಲ್ಲ" ಅಂದ್ರು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೇಲಿ ಸೆಕ್ಷನ್ 91 ಇದೆ, ಸುಳ್ಳು ಹೇಳಿ ಸೌಲಭ್ಯ ತಗೊಂಡ್ರೆ 2 ವರ್ಷದವರೆಗೆ ಜೈಲು, ಇಲ್ಲ 1 ಲಕ್ಷದವರೆಗೆ ದಂಡ, ಇಲ್ಲ ಎರಡೂ.

ಅಪೀಲು ಅದೇ ಕಾಯ್ದೆಯ ಸೆಕ್ಷನ್ 59ರ ಕೆಳಗೆ. ಯಾರ ಹೆಸರಿಗೆ ಬರೀಬೇಕು, ಎಲ್ಲಿ ಕೊಡ್ಬೇಕು ಅನ್ನೋದನ್ನ ತಾಲ್ಲೂಕಿನ ಎಂಆರ್‌ಡಬ್ಲ್ಯು ಹತ್ರ ಕೇಳ್ಕೊಂಡ್ವಿ, ನಿಮ್ಮ ಪಂಚಾಯ್ತಿಲಿ ವಿಆರ್‌ಡಬ್ಲ್ಯು ಇರ್ತಾರೆ ಅವರನ್ನೂ ಕೇಳ್ಬೋದು, ಪುನರ್ವಸತಿ ಕಾರ್ಯಕರ್ತರು ಅಂತ, ಅವರ ಕೆಲಸಾನೇ ಅದು. ಪತ್ರ ಒಂದೇ ಪುಟ: ಹಳೇ ವರದಿ ಮೇಲೆ ಲೆಕ್ಕ ಆಗಿದೆ, ಹೊಸ ವರದಿ ಲಗತ್ತಿಸಿದೆ, ಮರು ಪರೀಕ್ಷೆ ಮಾಡಿ. ಜೊತೆಗೆ ಆರ್‌ಟಿಐಲಿ ಬಂದ ಹಾಳೆ, ಎರಡು ಹೊಸ ರಿಪೋರ್ಟು, ಹಳೇ ಸರ್ಟಿಫಿಕೇಟ್, ಆಧಾರ್. ಗ್ರಾಫನ್ನ ಕಲರ್ ಕಾಪಿನೇ ಮಾಡಿಸಿ ಅಂತ ಅಕ್ಕ ಹಠ ಹಿಡಿದ್ರು, ಬ್ಲ್ಯಾಕ್ ಅಂಡ್ ವೈಟಲ್ಲಿ ಎರಡು ಗೆರೆ ಒಂದರ ಮೇಲೊಂದು ಬಂದ ಕಡೆ ಯಾವ್ದು ಯಾವ ಕಿವಿ ಅಂತ ಗೊತ್ತಾಗಲ್ಲ. ಕಾಪಿ ಆದ್ಮೇಲೆ ನಾಲ್ಕೂ ಅಂಚನ್ನ ಬೆರಳಲ್ಲಿ ಮುಟ್ಟಿ ನೋಡಿ, ಡೇಟು ಇದೆ, ಸೀಲಿದೆ, ಆಡಿಯಾಲಜಿಸ್ಟ್ ರಿಜಿಸ್ಟ್ರೇಷನ್ ನಂಬರ್ ಇದೆ ಅಂತ ಒಂದೊಂದಾಗಿ ಹೇಳ್ತಾ ಕೊಟ್ರು. ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳೋಕೆ ಅಂತ ಒಂದು ಸೆಟ್ ಜಾಸ್ತಿ.

ಮರು ಪರೀಕ್ಷೆಗೆ ಕರೆದಾಗ ಆಡಿಯೋಮೀಟರ್ ರಿಪೇರಿ ಆಗಿ ಬಂದಿತ್ತು, ಅವರೇ ಟೆಸ್ಟ್ ಮಾಡಿದ್ರು, ನಮ್ಮ ರಿಪೋರ್ಟ್ ಜೊತೆ ಹೊಂದ್ತು. 44 ಮತ್ತು 62. ನೀವೇ ಲೆಕ್ಕ ಹಾಕ್ಕೊಳ್ಳಿ. ಡಾಕ್ಟರ್ ಏನೋ ಕೇಳಿದ್ದಕ್ಕೆ ಚಿಕ್ಕಪ್ಪ ಬಾಯಿ ತೆರೆದು ಹೂಂ ಅನ್ನೋಕೆ ಹೋಗಿ, ನನ್ನ ಮುಖ ನೋಡಿ, "ಕೇಳಿಸ್ಲಿಲ್ಲ ಸಾರ್" ಅಂದ್ರು. ಆ ಮಾತನ್ನ ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಬಸ್ ಪಾಸ್ ಆಯ್ತು, ಮಾಸಾಶನದ ಅರ್ಜಿ ನಾಡಕಚೇರಿಲಿದೆ. ರೈಲಲ್ಲಿ ರಿಯಾಯಿತಿ ಸಿಗುತ್ತೆ ಅಂದ್ಕೊಂಡಿದ್ವಿ, ಇಲ್ಲ, ಪೂರ್ತಿ ಕಿವಿನೂ ಕೇಳಿಸ್ದೆ ಮಾತೂ ಬಾರದೋರಿಗೆ ಮಾತ್ರ ಅಂತೆ.

ಈಗ ರೇಟು. ಜೆರಾಕ್ಸ್ 2 ರೂಪಾಯಿ, ಕಲರ್ 10, ಕನ್ನಡ ಟೈಪಿಂಗ್ ಪುಟಕ್ಕೆ 40, ಸ್ಕ್ಯಾನ್ ಮಾಡಿ ಸೈಜ್ ಕಮ್ಮಿ ಮಾಡಿ ಪೋರ್ಟಲ್ಲಿಗೆ ಹಾಕೋದು 50. ಎಲ್ಲ ಸಲದ್ದೂ ಸೇರಿ ಒಟ್ಟು ನಾನ್ನೂರು ಚಿಲ್ಲರೆ ಆಯ್ತು, ಸಲಹೆಗೆ ಏನೂ ತಗೊಳ್ಳಲ್ಲ. ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ, ಬರೋರಲ್ಲಿ ಅರ್ಧ ಜನ ಊರುಗೋಲು ಹಿಡ್ಕೊಂಡು ಬರೋರು, ಕೂರೋಕೆ ಒಂದು ಸ್ಟೂಲ್ ಕೂಡ ಇಲ್ಲ, ಅಂಗಡಿಗೆ ಹತ್ತೋಕೆ ಎರಡು ಎತ್ತರದ ಮೆಟ್ಟಿಲು, ವೀಲ್‌ಚೇರ್‌ನೋರು ರಸ್ತೇಲೇ ಬಿಸಿಲಲ್ಲಿ ಇರ್ಬೇಕು. ಹೇಳಿದ್ದಕ್ಕೆ ಅಕ್ಕ ಮೋರಿ ಮೇಲೆ ಏನೂ ಕಟ್ಟಂಗಿಲ್ಲ ಅಂತಾರೆ, ಸ್ಟೂಲಿಗೆ ಏನು ಅಡ್ಡಿ ಅಂದ್ರೆ ಉತ್ತರ ಇಲ್ಲ. ಒಂದೂವರೆಯಿಂದ ಮೂರರ ತನಕ ಊಟಕ್ಕೆ ಬಾಗಿಲು ಹಾಕಿರ್ತಾರೆ. ಪೇಪರ್ ನೋಡ್ಸೋದಿದ್ರೆ ಮಂಗಳವಾರ ಸಂಜೆ ಹೋಗಿ, ಬುಧವಾರ ಅವರಿಗೆ ತಲೆ ಎತ್ತೋಕೂ ಪುರುಸೊತ್ತಿರಲ್ಲ. ಚಿಲ್ಲರೆ ತಗೊಂಡು ಹೋಗಿ, ಇಲ್ಲಾಂದ್ರೆ ಚಾಕ್ಲೇಟು.